ಬಣ್ಣದ ರಟ್ಟೋ, ಕಪ್ಪು ಮರದ ಚೂರೋ?

ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಅಮೂರ್ತ ಕಲೆಯನ್ನು ಕಟ್ಟಿಸಿ, ಬಣ್ಣ ಹಚ್ಚಿಸಿ ಕಲಿಸಬೇಕಾ? ಅಮೆರಿಕದ ಇಬ್ಬರು ಕಲಾವಿದರ ದಾರಿ ಹಿಡಿಯಬಹುದು. ಫ್ರಾಂಕ್ ಸ್ಟೆಲ್ಲಾ (1936–2024) ಚಪ್ಪಟೆ ಚಿತ್ರ ಬಿಟ್ಟು, 1970ರ ದಶಕದಲ್ಲಿ ಗೋಡೆಯಿಂದ ಮುಂದಕ್ಕೆ ಚಾಚುವ ಬಣ್ಣಬಣ್ಣದ ಆಕಾರಗಳನ್ನು ಮಾಡಿದವರು. ಲೂಯಿಸ್ ನೆವೆಲ್ಸನ್ (1899–1988) ಬಿಸಾಡಿದ ಮರದ ತುಂಡುಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ, ಹೆಚ್ಚಾಗಿ ಎಲ್ಲಕ್ಕೂ ಕಪ್ಪು ಬಳಿದವರು.

ಸ್ಟೆಲ್ಲಾ ದಾರಿಗೆ ಹಳೇ ರಟ್ಟಿನ ಡಬ್ಬ ಸಾಕು. ಖರ್ಚು ಕಮ್ಮಿ, ರಗಳೆ ಜಾಸ್ತಿ. ಒಂದೇ ಕಡೆ ಬಣ್ಣ ಹಚ್ಚಿದರೆ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಎರಡೂ ಕಡೆ ತೆಳ್ಳಗೆ ಹಚ್ಚಿಸಿ. ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುವ ಸೀಳು ರಟ್ಟಿನ ದಪ್ಪದಷ್ಟೇ ಇರಲಿ, ಅಗಲವಾದರೆ ನಿಲ್ಲುವುದಿಲ್ಲ. ಇನ್ನೊಂದು ಪೀಕಲಾಟ: ಹತ್ತು ಬಣ್ಣ ಕೊಟ್ಟರೆ ಎಲ್ಲ ಸೇರಿ ಕೆಸರು. ಮೂರೇ ಕೊಡಿ.

ನೆವೆಲ್ಸನ್ ದಾರಿಗೆ ಬಡಗಿ ಅಂಗಡಿಯ ಚೂರು, ಬಟ್ಟೆ ಕ್ಲಿಪ್ಪು, ಖಾಲಿ ದಾರದ ರೀಲು, ಒಂದು ಶೂ ಡಬ್ಬ. ಅಂಟು ಗಟ್ಟಿಯಾಗಲು ರಾತ್ರಿಯಿಡೀ ಬಿಡಬೇಕು, ಹಾಗಾಗಿ ಒಂದೇ ಪೀರಿಯಡ್‌ನಲ್ಲಿ ಮುಗಿಯುವ ಕೆಲಸವಲ್ಲ. ಆದರೆ ಮೇಲೆ ಒಂದೇ ಬಣ್ಣ ಬಿದ್ದ ಕೂಡಲೇ ಕ್ಲಿಪ್ಪು ಕ್ಲಿಪ್ಪಾಗಿ ಕಾಣುವುದಿಲ್ಲ. ಬರೀ ಗೆರೆ, ಆಕಾರ, ನೆರಳು. "ಅಮೂರ್ತ ಅಂದ್ರೆ ಏನು ಮಿಸ್?" ಅನ್ನುವ ಪ್ರಶ್ನೆಗೆ ಇದಕ್ಕಿಂತ ಸುಲಭದ ಉತ್ತರ ಸಿಗುತ್ತಾ?

ಚಿತ್ರ ಬರಲ್ಲ ಅಂತ ಹಿಂದಿನ ಬೆಂಚಲ್ಲಿ ಸುಮ್ನೆ ಕೂರುವ ಮಕ್ಕಳಿದ್ದರೆ ನನ್ನ ಓಟು ನೆವೆಲ್ಸನ್‌ಗೆ. ಬಣ್ಣ ಕಲಿಸುವುದೇ ಗುರಿಯಾದರೆ ಸ್ಟೆಲ್ಲಾ. ಮರದ ಚೂರಲ್ಲಿ ಮೊಳೆ ಇದ್ದರೆ ಮಾತ್ರ ಮಕ್ಕಳ ಕೈಗೆ ಕೊಡುವ ಮೊದಲೇ ಕಿತ್ತುಬಿಡಿ.