ಎಲ್ಕ್ ಬೇಟೆಗೆ ನೋಸ್ಲರ್ ಪಾರ್ಟಿಷನ್ ಗುಂಡು

ಕೊಡಗಿನ ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು ನಾನು, ಆದರೆ ತೋಟಾವನ್ನು ಕೈಯಲ್ಲೇ ತುಂಬುವುದನ್ನು ಕಲಿತಿದ್ದು ಅಮೆರಿಕದ ಕೊಲೊರಾಡೋಗೆ ಬಂದ ಮೇಲೆ. ಎಲ್ಕ್ ಅಂದರೆ ದೊಡ್ಡ ಜಾತಿಯ ಜಿಂಕೆ; ಅದರ ಬೇಟೆಗೆ ಮೂರು ವರ್ಷದಿಂದ ನನ್ನ .30-06 ಅಳತೆಯ ರೈಫಲ್‌ನ ತೋಟಾಗಳಿಗೆ 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ನೋಸ್ಲರ್ ಪಾರ್ಟಿಷನ್ ಗುಂಡನ್ನೇ ಕೂರಿಸುತ್ತಿದ್ದೇನೆ. ಒಳಗೆ ಸೀಸದ ಎರಡು ತುಂಡು, ನಡುವೆ ತಾಮ್ರದ ಹೊದಿಕೆಯದೇ ಒಂದು ಗೋಡೆ. ಬಡಿದಾಗ ಮುಂದಿನ ಭಾಗ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುತ್ತದೆ. 1946ರಲ್ಲಿ ಕೆನಡಾದಲ್ಲಿ ಜಾನ್ ನೋಸ್ಲರ್ ಹೊಡೆದ ಗುಂಡು ಮೂಸ್‌ನ (ಇದೂ ಜಿಂಕೆಯ ಜಾತಿಯ ಭಾರಿ ಪ್ರಾಣಿ) ಕೆಸರು ಮೆತ್ತಿದ ಮೈಯೊಳಗೆ ಸರಿಯಾಗಿ ಇಳಿಯಲಿಲ್ಲವಂತೆ, ಆಮೇಲೆ ಯೋಚಿಸಿ ಮಾಡಿದ್ದೇ ಇದು. 300 ಕಿಲೋ ತೂಗುವ ಎಲ್ಕ್ ಗಾಯಗೊಂಡು ಕಾಡಿನಲ್ಲಿ ನರಳಬಾರದು, ಅಲ್ವಾ? ನನಗೆ ಅದೇ ಮುಖ್ಯ.

ಬೆಲೆ ಜಾಸ್ತಿ, ನಿಜ. ಅಭ್ಯಾಸಕ್ಕೆ ನಾನು ಅಷ್ಟೇ ತೂಕದ ಅಗ್ಗದ ಗುಂಡು ಬಳಸುತ್ತೇನೆ, ಬೇಟೆಗೆ ಹೋಗುವ ಮೊದಲು ಇದರಲ್ಲೇ ಗುರಿ ಮತ್ತೆ ಸರಿಮಾಡಿಕೊಳ್ಳುತ್ತೇನೆ. ತೂಕ ಒಂದೇ ಅಂತ ಸುಮ್ನೆ ಅದೇ ಮದ್ದಿನ ಅಳತೆ ಹಾಕಬೇಡಿ. ಗುಂಡು ಬದಲಾದರೆ ಒಳಗಿನ ಒತ್ತಡವೂ ಬದಲಾಗುತ್ತದೆ, ಕೈಪಿಡಿಯಲ್ಲಿರುವ ಕಡಿಮೆ ಅಳತೆಯಿಂದಲೇ ಶುರು ಮಾಡಿ. ಈ ಅಕ್ಟೋಬರ್‌ಗೂ ಒಂದು ಡಬ್ಬಿ ತಂದಿಟ್ಟಿದ್ದೇನೆ.