ಓಡಿಸುವ ಮೊದಲು ತಳ್ಳಿ ನೋಡಿ ತಂದ ಬೈಕು: ಸ್ಪ್ಲೆಂಡರ್ ಪ್ಲಸ್ ಜೊತೆ ಮೂರು ವರ್ಷ

ನಮ್ಮ ಮನೆ ಇರುವುದು ತಿಪಟೂರಿನ ಅಂಚಿನಲ್ಲಿ. ಕೆಲಸ ಹೊನ್ನವಳ್ಳಿ ಕಡೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ, ಕಂಪ್ಯೂಟರ್ ಮುಂದೆ. ಮನೆಯಿಂದ 14 ಕಿಲೋಮೀಟರ್. ಬೆಳಿಗ್ಗೆ ಹೋಗಲು ಬಸ್ಸು ಸಿಗುತ್ತದೆ, ಸಂಜೆಯ ಬಸ್ಸು ಬಂದರೆ ಬಂತು. ಬಸ್ಸಿಳಿದ ಮೇಲೂ ತೋಟದ ಸಾಲಿನಲ್ಲಿ ಮೂರು ಕಿಲೋಮೀಟರ್ ನಡೆಯಬೇಕು. ಇದೇ ಓಡಾಟದಲ್ಲಿ ನಾಲ್ಕು ವರ್ಷ ಕಳೆದ ಮೇಲೆ, 2022ರಲ್ಲಿ ಸ್ವಂತ ಗಾಡಿ ತಗೊಳ್ಳಲೇಬೇಕು ಅಂತ ಗಟ್ಟಿ ಮಾಡಿದೆ. ಆಗ ನನಗೆ 28. ಅಲ್ಲಿಯವರೆಗೆ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿರಲಿಲ್ಲ.

ಮನೆಯಲ್ಲಿ, ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು: "ಹೆಣ್ಮಕ್ಕಳಿಗೆ ಸ್ಕೂಟರ್ ಸಾಕಲ್ವಾ?" ಸ್ಕೂಟರ್ ಕೆಟ್ಟದ್ದಲ್ಲ. ಟಾರು ರಸ್ತೆಯಲ್ಲಿ, ಪೇಟೆಯೊಳಗೆ ಅದರಷ್ಟು ಸುಲಭದ ಗಾಡಿ ಇಲ್ಲ. ಆದರೆ ನನ್ನ ಆ ಕೊನೆಯ ಮೂರು ಕಿಲೋಮೀಟರ್ ಬರೀ ಗುಂಡಿ, ಮರಳು, ನೀರು ಹಾಯಿಸಿದಾಗ ಕೆಸರು. ಸ್ಕೂಟರಿನ ಚಕ್ರ ಹತ್ತು ಹನ್ನೆರಡು ಇಂಚು, ಸ್ಪ್ಲೆಂಡರಿನದು ಎರಡೂ ಕಡೆ 18 ಇಂಚು. ಸಣ್ಣ ಚಕ್ರ ಗುಂಡಿಯೊಳಗೆ ಇಳಿಯುತ್ತದೆ, ದೊಡ್ಡ ಚಕ್ರ ಅದರ ಮೇಲೆ ಹಾಯುತ್ತದೆ. ಪಕ್ಕದ ಮನೆಯವರ ಸ್ಕೂಟರಿನಲ್ಲಿ ಹಿಂದೆ ಕೂತು ಒಂದು ಸಲ ಆ ದಾರಿಯಲ್ಲಿ ಹೋಗಿ ಬಂದೆ. ಗೇರ್ ಗಾಡಿಯೇ ಬೇಕು ಅಂತ ಅವತ್ತೇ ಗೊತ್ತಾಯಿತು.

ಯಾವ ಗೇರ್ ಗಾಡಿ? ಇದಕ್ಕೆ ದಾರಿ ತೋರಿಸಿದ್ದು ಚಿಕ್ಕಪ್ಪ. "ಶೋರೂಮಿಗೆ ಹೋದರೆ ಸ್ಟಾರ್ಟ್ ಮಾಡಬೇಡಮ್ಮ. ಸ್ಟ್ಯಾಂಡ್ ತೆಗೆದು ತಳ್ಳಿ ನೋಡು. ಎಂಜಿನ್ ಆಫ್ ಇದ್ದಾಗ ನಿನ್ನ ಮಾತು ಕೇಳದ ಗಾಡಿ, ಆನ್ ಆದಮೇಲೆ ಕೇಳ್ತದಾ?" ಅಂದರು. ಅದರಂತೆ ಒಂದು ವಾರ ಊರೆಲ್ಲ ಸುತ್ತಿ, ಪರಿಚಯದವರ ಗಾಡಿಗಳನ್ನೂ ಸೇರಿಸಿ ಐದಾರು ಬೈಕು ತಳ್ಳಿದೆ. ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ, ಹ್ಯಾಂಡಲ್ ಪೂರ್ತಿ ತಿರುಗಿಸಿ ಒಂದು ಸುತ್ತು, ಕೊನೆಗೆ ಡಬಲ್ ಸ್ಟ್ಯಾಂಡ್.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಗುವುದು 195 ಕೆಜಿ. ನೋಡಲು ಆಸೆಯಾಗುತ್ತದೆ, ನನಗೂ ಆಯಿತು. ಆದರೆ ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆ ಎಳೆಯಲು ನನ್ನಿಂದ ಆಗಲಿಲ್ಲ. ಪಲ್ಸರ್ 150 ಸುಮಾರು 148 ಕೆಜಿ, ರೈಡರ್ 125 ಗಾಡಿ 123 ಕೆಜಿ, ಸ್ಪ್ಲೆಂಡರ್ ಪ್ಲಸ್ 112 ಕೆಜಿ. ನಾನು ಐದು ಅಡಿ ಎರಡು ಇಂಚು. ಪಲ್ಸರ್, ಸ್ಪ್ಲೆಂಡರ್ ಎರಡರದೂ ಸೀಟಿನ ಎತ್ತರ 785 ಮಿಲಿಮೀಟರ್ ಅಂತಲೇ ಬರೆದಿರುತ್ತಾರೆ. ಆದರೂ ಸ್ಪ್ಲೆಂಡರಿನಲ್ಲಿ ನನ್ನ ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರಿದವು. ಸೀಟಿನ ಮುಂಭಾಗ ಕಿರಿದಾಗಿದೆ, ಗಾಡಿಯ ಮೈಯೂ ತೆಳು, ಹಾಗಾಗಿ ಕಾಲು ಅಗಲಿಸಬೇಕಾಗಿಲ್ಲ. ಇದು ಕಾಗದದಲ್ಲಿ ಎಲ್ಲೂ ಸಿಗುವುದಿಲ್ಲ. ಕೂತೇ ನೋಡಬೇಕು, ಅದೂ ದಿನಾ ಹಾಕುವ ಚಪ್ಪಲಿ ಅಥವಾ ಶೂನಲ್ಲೇ.

ಆನ್‌ರೋಡ್ 92 ಸಾವಿರ ಆಯಿತು, ಐ3ಎಸ್ (ಗಾಡಿ ನಿಂತಾಗ ಎಂಜಿನ್ ತಾನೇ ಆಫ್ ಆಗುವ ವ್ಯವಸ್ಥೆ) ಇರುವ ಮಾಡೆಲ್. ಕೊಳ್ಳುವಾಗ ಒಂದು ವಿಷಯ ತಿಳಿದಿರಲಿ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ವಿಮೆ) ಕಡ್ಡಾಯ. ಅದನ್ನು ಬಿಡಲಾಗದು. ಆದರೆ ಯಾವ ಕಂಪನಿಯದು ಅನ್ನುವುದು ನಮ್ಮ ಇಷ್ಟ. ನಾನು ಮೊದಲು ವಿಚಾರಿಸಿದ ಒಂದು ಅಂಗಡಿಯಲ್ಲಿ ಸೀಟ್ ಕವರ್, ಟ್ಯಾಂಕ್ ಕವರ್, ಪಾಲಿಶ್, ಇನ್ನೂ ಏನೇನೋ ಸೇರಿಸಿ ಆರು ಸಾವಿರ ಹೆಚ್ಚಿಗೆ ಬರೆದುಕೊಟ್ಟಿದ್ದರು. ಒಂದೊಂದನ್ನೇ ಕೇಳಿದರೆ ಯಾವುದೂ ಕಡ್ಡಾಯವಲ್ಲ. ನಾನು ಉಳಿಸಿಕೊಂಡದ್ದು ಲೆಗ್ ಗಾರ್ಡ್ ಒಂದನ್ನೇ. ಉಳಿದ ದುಡ್ಡಿಗೆ ಪೂರ್ತಿ ಮುಖ ಮುಚ್ಚುವ, ಐಎಸ್‌ಐ ಗುರುತಿನ ಹೆಲ್ಮೆಟ್ ಎರಡು ಬಂದವು. ಒಂದು ನನಗೆ, ಒಂದು ಅಮ್ಮನಿಗೆ. ಸ್ಯಾರಿ ಗಾರ್ಡ್ ಗಾಡಿ ಜೊತೆಗೇ ಬರಬೇಕು, ಅದಕ್ಕೆ ಬೇರೆ ದುಡ್ಡು ಕೊಡಬೇಡಿ.

ಕಲಿತದ್ದು ಭಾನುವಾರಗಳಲ್ಲಿ, ಖಾಲಿ ಬಿದ್ದಿದ್ದ ಎಪಿಎಂಸಿ ಯಾರ್ಡಿನಲ್ಲಿ. ಉಳಿದ ದಿನ ಕೊಬ್ಬರಿ ಚೀಲಗಳ ನಡುವೆ ಕಾಲಿಡಲೂ ಜಾಗ ಇರದ ಅಂಗಳ. ಮೊದಲ ದಿನ ಚಿಕ್ಕಪ್ಪ ಆಕ್ಸಿಲರೇಟರ್ ಮುಟ್ಟಲೇ ಬಿಡಲಿಲ್ಲ. ಎಡಗೈ ನಾಲ್ಕೂ ಬೆರಳಲ್ಲಿ ಕ್ಲಚ್ ಹಿಡಿದು, ಫಸ್ಟ್ ಗೇರ್ ಹಾಕಿ, ಕೂದಲೆಳೆಯಷ್ಟೇ ಬಿಡುತ್ತಾ ಹೋಗಬೇಕು. ಒಂದು ಕಡೆ ಬಂದಾಗ ಎಂಜಿನ್ ಸದ್ದು ಸ್ವಲ್ಪ ತಗ್ಗುತ್ತದೆ, ಸೀಟಿನ ಕೆಳಗೆ ಗಾಡಿ ಮುಂದಕ್ಕೆ ಮಿಸುಕುತ್ತದೆ. ಅಲ್ಲಿ ನಿಲ್ಲಿಸಬೇಕು. ಮತ್ತೆ ಪೂರ್ತಿ ಹಿಡಿಯಬೇಕು. ಇದೇ ಹಾಫ್ ಕ್ಲಚ್. ಒಂದೂವರೆ ಗಂಟೆ ಇದೊಂದನ್ನೇ ಮಾಡಿಸಿದರು. ಮುಂಗೈ ನೋವು ಬಂತು. ಆದರೆ ಎರಡನೇ ವಾರಕ್ಕೆ ಕಾಲೆತ್ತಿ ಯಾರ್ಡು ಸುತ್ತುತ್ತಿದ್ದೆ, ಗಾಡಿ ಆಫ್ ಆಗುವುದು ನಿಂತಿತ್ತು. ಎಂಟು ಅಶ್ವಶಕ್ತಿಯ ಎಂಜಿನ್ ಹೊಸಬರಿಗೆ ಎಷ್ಟು ಒಳ್ಳೆಯದು ಅಂತ ಇಲ್ಲಿ ತಿಳಿಯಿತು. ಕೈತಪ್ಪಿ ಕ್ಲಚ್ ಬೇಗ ಬಿಟ್ಟರೂ ಗಾಡಿ ಒಂದು ಸಣ್ಣ ಜಗ್ಗು ಕೊಟ್ಟು ನಿಲ್ಲುತ್ತದೆ, ಎದುರಿನ ಗೋಡೆಗೆ ಹಾರುವುದಿಲ್ಲ.

ಗೇರಿನ ಬಗ್ಗೆ ಒಂದು ಮಾತು. ಸ್ಪ್ಲೆಂಡರಿನಲ್ಲಿ ನಾಲ್ಕು ಗೇರೂ ಮುಂದಕ್ಕೇ ತುಳಿಯಬೇಕು. ಹಿಮ್ಮಡಿಯಲ್ಲಿ ಒತ್ತಿದರೆ ಇಳಿಯುತ್ತದೆ. ಪಲ್ಸರ್ ಥರದ ಗಾಡಿಗಳಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ. ಹಾಗಾಗಿ ಕಲಿಯುವ ಗಾಡಿ ಒಂದು, ಟೆಸ್ಟಿಗೆ ತೆಗೆದುಕೊಂಡು ಹೋಗುವ ಗಾಡಿ ಇನ್ನೊಂದು ಮಾಡಬೇಡಿ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಸಿಕ್ಕ 30 ದಿನದ ನಂತರವೇ ಡಿಎಲ್ (ಪೂರ್ತಿ ಲೈಸೆನ್ಸ್) ಟೆಸ್ಟ್. ಎಲ್‌ಎಲ್ 6 ತಿಂಗಳು ನಡೆಯುತ್ತದೆ, ಅವಸರ ಬೇಡ. ಎಲ್ ಬೋರ್ಡ್ ಇರುವಷ್ಟು ದಿನ ಹಿಂದೆ ಕೂರಬಹುದಾದವರು ಕಲಿಸುವವರು ಮಾತ್ರ. ನಾನು ಎರಡೂವರೆ ತಿಂಗಳ ನಂತರ ಹೋಗಿ, ಕಾಲು ಊರದೆ ಎಂಟರ ಆಕಾರದಲ್ಲಿ ಗಾಡಿ ಸುತ್ತಿಸಿ ಬಂದೆ.

ಇನ್ನು ಬಿದ್ದ ವಿಷಯ. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರವುತ್ತಾರೆ. ಗಾಡಿಗಳು ಓಡಾಡಿದರೆ ಒಕ್ಕಣೆ ಆಗುತ್ತದೆ. ಬೈಕು ತಂದ ಮೂರನೇ ತಿಂಗಳು, ಡಿಸೆಂಬರ್ ಸಂಜೆ, ತಿರುವು ದಾಟಿದ ಕೂಡಲೇ ಹುರುಳಿ ಬಳ್ಳಿಯ ದಪ್ಪ ಹಾಸು. ಗಾಬರಿಯಲ್ಲಿ ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದೆ. ಹ್ಯಾಂಡಲ್ ಕೈಯಿಂದ ಕಿತ್ತುಕೊಂಡ ಹಾಗಾಯಿತು. ಮುಂದಿನ ಚಕ್ರ ಎಡಕ್ಕೆ ಜಾರಿತು, ನಾನು ಬಳ್ಳಿ ಮೇಲೆ. ವೇಗ ಇಪ್ಪತ್ತೈದು ಇದ್ದಿರಬಹುದು. ಮೊಣಕೈ ತರಚಿತು, ಕನ್ನಡಿ ಒಡೆಯಿತು, ಕ್ಲಚ್ ಲಿವರ್ ಬಾಗಿತು. ಕಾಲು ಗಾಡಿ ಕೆಳಗೆ ಸಿಕ್ಕಿಕೊಳ್ಳಲಿಲ್ಲ, ಲೆಗ್ ಗಾರ್ಡ್ ನೆಲಕ್ಕೆ ತಾಗಿ ನಡುವೆ ಜಾಗ ಬಿಟ್ಟಿತ್ತು. ಸುತ್ತ ಯಾರೂ ಇರಲಿಲ್ಲ. ಕತ್ತಲಾಗುತ್ತಿತ್ತು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ, ಸೊಂಟ ಬಗ್ಗಿಸದೆ ಮಂಡಿಯಲ್ಲಿ ಕೂತು ಎದ್ದೆ. ಗಾಡಿ ನನ್ನ ಜೊತೆ ಎದ್ದಿತು. ಸೆಲ್ಫ್ ಒತ್ತಿದೆ, ಸ್ಟಾರ್ಟ್ ಆಯಿತು. ಅದು 195 ಕೆಜಿ ಇದ್ದಿದ್ದರೆ ಯಾರಾದರೂ ಬರುವವರೆಗೆ ಆ ಕತ್ತಲಲ್ಲಿ ಕೂತಿರಬೇಕಿತ್ತು. ಮೊದಲ ಗಾಡಿ ಹಗುರ ಇರಲಿ ಅಂತ ನಾನು ಕಂಡವರಿಗೆಲ್ಲ ಹೇಳುವುದು ಈ ಸಂಜೆಯ ಕಾರಣಕ್ಕೇ.

ಬ್ರೇಕಿನ ಪಾಠವನ್ನೂ ಅಲ್ಲೇ ಕಲಿತೆ. ಈ ಗಾಡಿಯಲ್ಲಿ ಬಲಗಾಲಿನ ಬ್ರೇಕು ತುಳಿದರೆ ಹಿಂದಿನ ಚಕ್ರದ ಜೊತೆ ಮುಂದಿನದಕ್ಕೂ ಒಂದು ಪಾಲು ಹೋಗುತ್ತದೆ. ಮರಳು, ಹುಲ್ಲು, ಕೆಸರು ಕಂಡರೆ ಈಗ ಬ್ರೇಕಿಗಿಂತ ಮೊದಲು ಗೇರ್ ಇಳಿಸುತ್ತೇನೆ, ಆಮೇಲೆ ಕಾಲಲ್ಲಿ ಮೆತ್ತಗೆ ತುಳಿಯುತ್ತೇನೆ. ಅಂಥ ಕಡೆ ಕೈಬ್ರೇಕು ಮುಟ್ಟುವುದೇ ಇಲ್ಲ.

ಈಗ ಲೆಕ್ಕ. ಮೀಟರಿನಲ್ಲಿ 26,400 ಕಿಲೋಮೀಟರ್ ಇದೆ. ಪೆಟ್ರೋಲ್ ಹಾಕಿಸಿದಾಗೆಲ್ಲ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಲೀಟರಿಗೆ ಸರಾಸರಿ 65. ಮಳೆಗಾಲದ ಕೆಸರಿನಲ್ಲಿ 61ಕ್ಕೆ ಇಳಿದದ್ದೂ ಇದೆ, ಒಬ್ಬಳೇ ನಿಧಾನಕ್ಕೆ ಹೋದ ತಿಂಗಳು 69 ಬಂದದ್ದೂ ಇದೆ. ಮೂರು ವರ್ಷಕ್ಕೆ ಪೆಟ್ರೋಲಿಗೆ ಹತ್ತಿರ ಹತ್ತಿರ 42 ಸಾವಿರ. ಸರ್ವಿಸಿಗೆ, ಆಯಿಲ್ ಸೇರಿ, ಒಂಬತ್ತು ಸಲಕ್ಕೆ 11,800. ಹಿಂದಿನ ಬ್ರೇಕ್ ಶೂ ಎರಡು ಸಲ, ಮುಂದಿನದು ಒಂದು ಸಲ, ಚೈನ್ ಸೆಟ್ ಒಂದು ಸಲ ಬದಲಾಗಿದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ನಮಗೆ ಉಚಿತವಾಯಿತು. ಆಗ ಎಲ್ಲರೂ ಕೇಳಿದರು, ಇನ್ನು ಬೈಕು ಯಾಕೆ ಅಂತ. ಜೋರು ಮಳೆ ಇದ್ದ ದಿನ ನಾನೂ ಬಸ್ಸೇ ಹತ್ತುತ್ತೇನೆ. ಆದರೆ ಸಂಜೆ ಕಾಯುವ ಆ ಒಂದು ಗಂಟೆ, ಬಸ್ಸಿಳಿದು ನಡೆಯುವ ಆ ಮೂರು ಕಿಲೋಮೀಟರ್ ಬೈಕಿನಿಂದ ಉಳಿದಿವೆ. ಐದೂವರೆಗೆ ಹೊರಟರೆ ಆರಕ್ಕೆ ಮನೆ. ಅಮ್ಮನ ಜೊತೆ ಕೂತು ಕಾಫಿ ಕುಡಿಯಲು ಸಿಗುವ ಹೊತ್ತು ಅದು.

ಚೈನ್ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಅಲ್ಲಿ ನಾನೇ ತಪ್ಪು ಮಾಡಿದೆ. ಇದರ ಚೈನು ಪೂರ್ತಿ ಕವರಿನೊಳಗೆ ಇರುತ್ತದೆ. ಧೂಳು ಕಮ್ಮಿ, ವೇಲು ಸೆರಗು ಸಿಕ್ಕಿಕೊಳ್ಳುವ ಭಯ ಇಲ್ಲ. ಆದರೆ ಕಣ್ಣಿಗೆ ಕಾಣದ್ದು ನೆನಪಿಗೂ ಬರುವುದಿಲ್ಲ. ಎರಡನೇ ವರ್ಷ ತಿಂಗಳುಗಟ್ಟಲೆ ಎಣ್ಣೆ ಬಿಡಲಿಲ್ಲ. ಒಂದು ದಿನ ಗೇರ್ ಬದಲಿಸುವಾಗ ಕಟಕಟ ಅನ್ನತೊಡಗಿತು. ಆಗ ಹೋದ ಒಂದು ಸರ್ವಿಸ್ ಜಾಗದಲ್ಲಿ ನೋಡದೆಯೇ ಕ್ಲಚ್ ಪ್ಲೇಟ್ ಹೋಗಿದೆ ಅಂದರು. ಊರಿನ ಮೆಕ್ಯಾನಿಕ್ ಹುಡುಗ ಕವರಿನ ರಬ್ಬರ್ ಮುಚ್ಚಳ ತೆಗೆದು, ಬೆರಳಲ್ಲಿ ಚೈನು ಎತ್ತಿ ತೋರಿಸಿದ: "ನೋಡಿ ಅಕ್ಕ, ಇಷ್ಟು ಜೋತು ಬಿದ್ದಿದೆ." ಒಂದು ಇಂಚಿನಷ್ಟು ಆಡಬೇಕಾದದ್ದು ಅದರ ಎರಡರಷ್ಟು ಆಡುತ್ತಿತ್ತು. ಬಿಗಿ ಮಾಡಿ, ಎಣ್ಣೆ ಬಿಟ್ಟ. ಸದ್ದು ನಿಂತಿತು, ಕ್ಲಚ್ ಪ್ಲೇಟ್ ಇವತ್ತಿಗೂ ಅದೇ ಇದೆ. ಈಗ ತಿಂಗಳಿಗೊಮ್ಮೆ ಆ ಮುಚ್ಚಳ ತೆಗೆಯುವುದು ನನ್ನದೇ ಕೆಲಸ. ಗಾಳಿಯನ್ನೂ ವಾರಕ್ಕೊಮ್ಮೆ ನೋಡಿಸುತ್ತೇನೆ, ಒಬ್ಬಳೇ ಓಡಾಡುವಾಗ ಮುಂದೆ 25, ಹಿಂದೆ 28.

ಯಾರಿಗೆ ಇದು ಬೇಡ? ದಿನಾ ಹೈವೇಯಲ್ಲಿ ಉದ್ದಕ್ಕೆ ಹೋಗುವವರಿಗೆ. ಬಿ.ಎಚ್. ರಸ್ತೆಯಲ್ಲಿ ತುಮಕೂರಿಗೆ ಐದಾರು ಸಲ ಹೋಗಿದ್ದೇನೆ. 97 ಸಿಸಿ ಎಂಜಿನ್ನು, ನಾಲ್ಕೇ ಗೇರು. ಐವತ್ತು, ಐವತ್ತೈದರಲ್ಲಿ ಹಾಯಾಗಿ ಹೋಗುತ್ತದೆ. ಅದರಾಚೆ ಎಂಜಿನ್ ದುಡಿಯುವುದು ಪಾದಕ್ಕೆ ತಿಳಿಯುತ್ತದೆ. ಹಗುರ ಗಾಡಿ ಆದ್ದರಿಂದ ದೊಡ್ಡ ಲಾರಿ ದಾಟಿ ಹೋದಾಗ ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಎರಡೂ ಕಡೆ ಡ್ರಮ್ ಬ್ರೇಕು, ಎಬಿಎಸ್ (ಗಟ್ಟಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲ, ಆದ್ದರಿಂದ ಮುಂದಿನ ಗಾಡಿಯಿಂದ ಜಾಸ್ತಿ ದೂರ ಬಿಟ್ಟೇ ಹೋಗಬೇಕು. ಇದನ್ನು ನಾನು ಕೊರತೆ ಅಂತ ಬರೆಯುತ್ತಿಲ್ಲ. ಈ ಗಾಡಿಯ ಅಳತೆಯೇ ಇಷ್ಟು, ಅದು ತಿಳಿದೇ ತಂದದ್ದು. ಅಮ್ಮನನ್ನು ಕೂರಿಸಿಕೊಂಡು ತುರುವೇಕೆರೆ ಮೇಲೆ ಎಡೆಯೂರಿಗೆ ಹೋಗಿ ಬಂದಾಗ ಹಿಂದಿನ ಸೀಟಿನ ಬಗ್ಗೆ ಅಮ್ಮ ಹೇಳಿದ್ದು, "ಬಸ್ಸಿಗಿಂತ ಇದೇ ಚೆಂದ ಕಣೇ, ಸೊಂಟ ಹಿಡಿಯಲಿಲ್ಲ."

ಐ3ಎಸ್ ಅನ್ನುವುದು ಉಪಯೋಗಕ್ಕೆ ಬರುತ್ತದಾ ಅಂತ ತುಂಬ ಜನ ಕೇಳುತ್ತಾರೆ. ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಎಂಜಿನ್ ತಾನೇ ಆಫ್ ಆಗುತ್ತದೆ, ಕ್ಲಚ್ ಹಿಡಿದರೆ ಮತ್ತೆ ಸ್ಟಾರ್ಟ್. ರೈಲ್ವೆ ಗೇಟಿನಲ್ಲಿ ಒಳ್ಳೆಯದು. ಕಲಿಯುವ ದಿನಗಳಲ್ಲಿ ಮಾತ್ರ ಅದರ ಸ್ವಿಚ್ ಆಫ್ ಮಾಡಿಟ್ಟಿದ್ದೆ. ಗಾಡಿ ನನ್ನ ತಪ್ಪಿನಿಂದ ನಿಂತಿತಾ, ತಾನಾಗಿ ನಿಂತಿತಾ ಅಂತ ಗೊತ್ತಾಗಬೇಕಲ್ವಾ.

ದುಡ್ಡು ಕಮ್ಮಿ ಇದ್ದರೆ ಇದನ್ನೇ ಸೆಕೆಂಡ್ ಹ್ಯಾಂಡಿನಲ್ಲಿ ನೋಡಿ. 1994ರಿಂದ ಬರುತ್ತಿರುವ ಗಾಡಿ, ಬಿಡಿಭಾಗ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಹೋದ ವರ್ಷ ನಮ್ಮ ಆಫೀಸಿನ ಅಟೆಂಡರ್ ಹುಡುಗನಿಗೆ ನಾನೇ ಜೊತೆಗೆ ಹೋಗಿ ಒಂದು ಕೊಡಿಸಿದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿ. ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಆರ್‌ಸಿಯ ಚಾಸಿ ನಂಬರ್, ಎಂಜಿನ್ ನಂಬರನ್ನು ಗಾಡಿ ಮೇಲಿನದಕ್ಕೆ ಹೋಲಿಸಿ. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಮತ್ತು ಸಾಲ ತೀರಿದ್ದಕ್ಕೆ ಕೊಡುವ ಫಾರಂ 35 ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29, 30 ಎರಡಕ್ಕೂ ಅವತ್ತೇ ಸಹಿ ಮಾಡಿಸಿಕೊಳ್ಳಿ. ಆ ಹುಡುಗ 38 ಸಾವಿರಕ್ಕೆ ತಂದ, ಈಗ ದಿನಾ ನನ್ನ ಗಾಡಿ ಪಕ್ಕದಲ್ಲೇ ಹುಣಸೆ ಮರದ ನೆರಳಲ್ಲಿ ನಿಲ್ಲಿಸುತ್ತಾನೆ. ನನ್ನದಕ್ಕೆ ಮುಂದಿನ ತಿಂಗಳು ಹಿಂದಿನ ಟೈರು ಬದಲಿಸಬೇಕು.