ಸಾವಯವಕ್ಕೆ ಹೆಚ್ಚು ಹಣ ಕೊಡಬಹುದೇ? ಮೈಸೂರಿನ ಒಂದು ಅಂಗಡಿಯ ವಿಮರ್ಶೆ

ಮೈಸೂರಿನ ನಮ್ಮ ಬಡಾವಣೆಯ ಸಾವಯವ ಅಂಗಡಿಯಲ್ಲಿ ಅಕ್ಕಿ, ಬೇಳೆಕಾಳು, ಬೆಲ್ಲ, ಗಾಣದ ಎಣ್ಣೆ ಮತ್ತು ಸೊಪ್ಪು ತರಕಾರಿಗಳು ದೊರೆಯುತ್ತವೆ. ಬೆಲೆ ದೇವರಾಜ ಮಾರುಕಟ್ಟೆಗಿಂತ ಸುಮಾರು ಒಂದೂವರೆ ಪಟ್ಟು. ಅಷ್ಟು ಹಣ ಕೊಡಲು ನನಗೆ ಮನಸ್ಸಿದೆ; ಏಕೆಂದರೆ ರಾಸಾಯನಿಕ ಗೊಬ್ಬರ ಬಿಟ್ಟ ಮೊದಲ ವರ್ಷಗಳಲ್ಲಿ ರೈತರ ಇಳುವರಿ ಇಳಿಯುವುದು ಸಾಮಾನ್ಯ, ಕಳೆನಾಶಕದ ಬದಲು ಆಳುಗಳಿಂದ ಕಳೆ ಕೀಳಿಸಬೇಕು, ಮತ್ತು ಹೊಲ ಸಾವಯವಕ್ಕೆ ಬದಲಾಗುವ ಪರಿವರ್ತನೆಯ ಅವಧಿ ಮುಗಿಯುವವರೆಗೆ ಆ ಬೆಳೆಯನ್ನು ಪೂರ್ಣ ಸಾವಯವವೆಂದು ಮಾರುವಂತಿಲ್ಲ.

ಇಲ್ಲಿನ ರಾಜಮುಡಿ ಅಕ್ಕಿಗೆ ಕೇಳಿದಷ್ಟು ಕೊಡಬಹುದು. ಕೆಂಪು ಬಿಳಿ ಕಾಳುಗಳು ಬೆರೆತಿರುವ ಈ ಅಕ್ಕಿ ಬೇಯಲು ತುಸು ಹೊತ್ತು ಹಿಡಿದರೂ ಅನ್ನ ಮೆತ್ತಗಾಗಿ ಬಸ್ಸಾರಿಗೆ ಚೆನ್ನಾಗಿ ಹೊಂದುತ್ತದೆ. ಪೊಟ್ಟಣದ ಮೇಲೆ ರೈತರ ಗುಂಪಿನ ಹೆಸರು, ಊರು ಮತ್ತು ಪಿಜಿಎಸ್ (ಸಹಭಾಗಿತ್ವದ ಖಾತರಿ ವ್ಯವಸ್ಥೆ ಎಂಬ ಸಾವಯವ ಪ್ರಮಾಣೀಕರಣ) ಗುರುತು ಸ್ಪಷ್ಟವಾಗಿವೆ. ಪಿಜಿಎಸ್ ಪದ್ಧತಿಯಲ್ಲಿ ಗುಂಪಿನ ರೈತರೇ ಪರಸ್ಪರರ ಹೊಲಗಳನ್ನು ಪರಿಶೀಲಿಸುತ್ತಾರೆ. ಹೊರಗಿನ ಪ್ರಮಾಣೀಕರಣ ಸಂಸ್ಥೆಯ ತಪಾಸಣೆಯ ದೊಡ್ಡ ಖರ್ಚು ಹೊರಲಾಗದ ಸಣ್ಣ ಹಿಡುವಳಿದಾರರಿಗೆ ಇದು ನಿಜವಾದ ಆಸರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಕ್ಷೇಪ ಇರುವುದು ಬೇಳೆಕಾಳಿನ ಕಪಾಟಿನ ಬಗ್ಗೆ. 'ಪಿಜಿಎಸ್ ಇಂಡಿಯಾ ಗ್ರೀನ್' ಎಂದರೆ ಹೊಲ ಇನ್ನೂ ಪರಿವರ್ತನೆಯ ಹಂತದಲ್ಲಿದೆ ಎಂದರ್ಥ. 'ಪಿಜಿಎಸ್ ಇಂಡಿಯಾ ಆರ್ಗ್ಯಾನಿಕ್' ಎಂದರೆ ಆ ಹಂತ ಮುಗಿದಿದೆ ಎಂದು. ಅಂಗಡಿಯಲ್ಲಿ ಎರಡೂ ಬಗೆಯ ಹುರುಳಿಯನ್ನು ಒಟ್ಟಿಗೆ ಜೋಡಿಸಿ, ಒಂದೇ ಬೆಲೆಗೆ, 'ನೂರಕ್ಕೆ ನೂರು ಸಾವಯವ' ಎಂಬ ಒಂದೇ ಫಲಕದಡಿ ಮಾರುತ್ತಿದ್ದಾರೆ. ಪರಿವರ್ತನೆಯಲ್ಲಿರುವ ರೈತರಿಗೂ ನಾಲ್ಕು ಕಾಸು ಹೆಚ್ಚು ಸಿಗಲೇಬೇಕು, ಅವರಿಗೆ ಅದರ ಅಗತ್ಯ ಇನ್ನೂ ಹೆಚ್ಚು. ಆದರೆ ಗಿರಾಕಿಗೆ ವಿಷಯ ತಿಳಿಸಿ ಕೇಳುವುದು ನ್ಯಾಯ.

ತರಕಾರಿಯ ಸ್ಥಿತಿ ಇದಕ್ಕಿಂತ ಕಳಪೆ. ಬುಟ್ಟಿಗಳ ಮೇಲೆ ಯಾವ ಗುರುತೂ ಇಲ್ಲ. ಎಲ್ಲಿಯದೆಂದು ವಿಚಾರಿಸಿದರೆ, ಹುಳು ತಿಂದ ದಂಟಿನ ಎಲೆ ತೋರಿಸಿ 'ಔಷಧಿ ಹೊಡೆದಿಲ್ಲ ನೋಡಿ ಸಾರ್' ಎನ್ನುತ್ತಾರೆ. ಔಷಧಿ ಹೊಡೆದ ಸೊಪ್ಪಿನಲ್ಲೂ ತೂತುಗಳಿರುತ್ತವೆ, ಯೂರಿಯಾ ಹಾಕಿದ್ದಾರೆಯೇ ಎಂಬುದನ್ನಂತೂ ಎಲೆ ಹೇಳುವುದಿಲ್ಲ. ಸೊಪ್ಪು ತಾಜಾ ಇರುತ್ತದೆ, ನಿಜ. ತಾಜಾತನಕ್ಕಾಗಿ ಒಂದೂವರೆ ಪಟ್ಟು ಕೊಡಬೇಕಾಗಿಲ್ಲ.

ಅಕ್ಕಿ, ಬೆಲ್ಲ ಮತ್ತು ಎಣ್ಣೆಗೆ ಈ ಅಂಗಡಿಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಬೇಳೆಕಾಳು ಕೊಳ್ಳುವವರು ಪೊಟ್ಟಣ ತಿರುಗಿಸಿ ಗುರುತು ಓದಿ, ಗ್ರೀನ್ ಇದ್ದರೆ ಬೆಲೆ ಕಡಿಮೆ ಮಾಡಲು ಕೇಳಬೇಕು. ತರಕಾರಿಯನ್ನು, ಬೆಳೆದವರ ಹೆಸರು ಬುಟ್ಟಿಯ ಮೇಲೆ ಬರುವವರೆಗೆ, ನಾನು ಮಾರುಕಟ್ಟೆಯಲ್ಲೇ ಕೊಳ್ಳುತ್ತೇನೆ.